ಹಳೇಬೀಡಿಗೆ ಜಲಪಾತ, ನಮಗೆ ಶಂಕುಸ್ಥಾಪನೆ

ನಮ್ಮ ಪ್ರವಾಸೋದ್ಯಮ ಇಲಾಖೆ ಇಷ್ಟು ವರ್ಷ ಜಾಹೀರಾತು ಹಾಕಿಯೂ ತೋರಿಸಲಾಗದ ಹಳೇಬೀಡೊಂದನ್ನು ಅಮೆರಿಕದ ಕಂಪನಿಯೊಂದು 2017ರ ಆಗಸ್ಟ್‌ನಲ್ಲೇ ಕಟ್ಟಿ ಮಾರಾಟಕ್ಕಿಟ್ಟಿದೆ. ಸುತ್ತಲೂ ಹಸಿರು ಬೆಟ್ಟ, ಬೆಟ್ಟದೆತ್ತರಕ್ಕೆ ಕೂತ ಗಣಪತಿ, ಎಡಕ್ಕೂ ಬಲಕ್ಕೂ ಧೋ ಎಂದು ಸುರಿಯುವ ಜಲಪಾತ. ಟಿಕೆಟ್ ಸಾಲಿಲ್ಲ, ಗೈಡುಗಳ ಕಾಟವಿಲ್ಲ, ಚಪ್ಪಲಿ ಕಾಯುವವನಿಗೆ ಚಿಲ್ಲರೆ ಕೊಡಬೇಕಾಗಿಲ್ಲ. ಇದೊಂದು ವಿಡಿಯೊ ಗೇಮ್. ಆಟದ ಹೆಸರು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಮಾಡಿದವರು ನಾಟಿ ಡಾಗ್, ಮಾರಿದವರು ಸೋನಿ. ಕಥೆ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು. ಕ್ಲೋಯಿ ಫ್ರೇಜರ್ ಎಂಬ ಅರ್ಧ ಭಾರತೀಯ ಹೆಣ್ಣುಮಗಳು, ನೇಡೀನ್ ರಾಸ್ ಎಂಬ ದಕ್ಷಿಣ ಆಫ್ರಿಕಾದ ಬಾಡಿಗೆ ಸಿಪಾಯಿ, ಇಬ್ಬರೂ ಸೇರಿ ಅಸವ್ ಎಂಬ ಬಂಡುಕೋರನಿಗಿಂತ ಮುಂಚೆ ಅದನ್ನು ಪತ್ತೆ ಮಾಡಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ ಬೇಕಾದಷ್ಟು ವಿಮರ್ಶೆಗಳು ಬಂದಿವೆ. ಚಿತ್ರ ಅದ್ಭುತ, ಮಾತುಕತೆ ಚುರುಕು, ಹೊಡೆದಾಟ ಸ್ವಲ್ಪ ಹಳೆಯದು, ಇತ್ಯಾದಿ. ಅವೆಲ್ಲ ನಲ್ಲಿಯಲ್ಲಿ ನೀರು ಬರುವ ಊರಿನವರು ಬರೆದದ್ದು. ಸಾವಿರದಿನ್ನೂರು ಅಡಿ ಕೊರೆದರೂ ಬೋರ್‌ವೆಲ್‌ನಿಂದ ಬರೀ ದೂಳು ಏಳುವ ಸೀಮೆಯಿಂದ ಒಂದು ವಿಮರ್ಶೆ ಬಾಕಿ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪರವಾಗಿ ಆ ಕೊರತೆ ನೀಗಿಸುವ ಹೊಣೆ ನಾನೇ ಹೊತ್ತುಕೊಂಡಿದ್ದೇನೆ. ಯಾರೂ ಕೇಳಿಕೊಂಡಿಲ್ಲ. ನಮ್ಮ ಕಡೆ ಹೊಣೆ ಹೊರುವವರನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಅವರೇ ಫ್ಲೆಕ್ಸ್ ಹಾಕಿಸಿಕೊಳ್ಳುತ್ತಾರೆ.

ಮೊದಲು ಗುಣ ಹೇಳಬೇಕು, ಅದು ಸಂಪ್ರದಾಯ. ಇಬ್ಬರು ಹೆಂಗಸರೇ ಇಡೀ ಕಥೆಯನ್ನು ಎಳೆದುಕೊಂಡು ಹೋಗುತ್ತಾರೆ. ಜೀಪು ಓಡಿಸುವುದು, ಬಂಡೆ ಹತ್ತುವುದು, ಗುಂಡು ಹಾರಿಸುವುದು, ಕೊನೆಗೆ ಜಗಳವಾಡಿ ಮಾತು ಬಿಟ್ಟು ಮತ್ತೆ ರಾಜಿಯಾಗುವುದು, ಎಲ್ಲವೂ ಅವರದೇ. ಇಬ್ಬರನ್ನೂ ಯಾರೂ ‘ಮದುವೆ ಆಗಿದೆಯಾ’ ಎಂದು ಕೇಳುವುದಿಲ್ಲ. ಇದೇ ಇಬ್ಬರು ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಜೀಪು ನಿಲ್ಲಿಸಿ ಇಳಿದಿದ್ದರೆ, ದಂತದ ವಿಚಾರ ಆಮೇಲೆ, ಮೊದಲು ‘ಯಾರ ಮನೆಯೋರಮ್ಮ ನೀವು’ ಎಂಬ ವಿಚಾರಣೆ ಮುಗಿಯಬೇಕಿತ್ತು. ಇನ್ನೊಂದು ಗುಣವೆಂದರೆ ಆಟ ಚಿಕ್ಕದು. ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ. ಶುರುವಾದದ್ದು ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಜಿಲ್ಲೆಯವರು ಇದಕ್ಕೆ ಅರ್ಧ ಅಂಕ ಹೆಚ್ಚು ಕೊಡಬೇಕು.

ಮೂರನೆಯ ಗುಣ, ನಾಯಕಿಯ ಫೋಟೊ ಹುಚ್ಚು. ಬೆನ್ನ ಹಿಂದೆ ಬಂದೂಕುಧಾರಿಗಳು ಅಲೆಯುತ್ತಿದ್ದರೂ ಒಳ್ಳೆಯ ಜಾಗ ಕಂಡರೆ ಫೋನ್ ತೆಗೆದು ಕ್ಲಿಕ್ಕಿಸುತ್ತಾಳೆ. ಅವಾಸ್ತವ ಎಂದು ಯಾರೋ ಟೀಕಿಸಿದ್ದನ್ನು ಕೇಳಿ ನಗು ಬಂತು. ಅವರು ಭಾನುವಾರ ಬೆಳಿಗ್ಗೆ ನಂದಿ ಗ್ರಾಮದ ಭೋಗನಂದೀಶ್ವರನ ಕಡೆ ಬಂದಿಲ್ಲ. ಸಾವಿರ ವರ್ಷಕ್ಕೂ ಹಳೆಯ ಗುಡಿ, ನೊಳಂಬರಿಂದ ಹಿಡಿದು ಚೋಳ, ಹೊಯ್ಸಳ, ವಿಜಯನಗರದವರವರೆಗೆ ಕೈಯಾಡಿಸಿದ ಕಲ್ಲು. ಅಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ಮದುವೆಗೆ ಮುಂಚಿನ ಫೋಟೊಗೆಂದು ಗೌನಿನ ಬಾಲ ಹರಡಿಕೊಂಡು ನಿಂತ ಜೋಡಿಯನ್ನು ಕದಲಿಸಲು ಅಸವ್‌ನ ಸೈನ್ಯದಿಂದಲೂ ಆಗದು.

ಇನ್ನು ದೋಷಕ್ಕೆ ಬರೋಣ, ಬರೆಯುವವನ ಸುಖ ಇರುವುದು ಅಲ್ಲೇ.

ಈ ಆಟದ ಮೂಲ ಕಸುಬು ನಿಧಿ ತೆಗೆಯುವುದು. ಹನ್ನೊಂದು ಹೊಯ್ಸಳ ನಾಣ್ಯದಂಥ ಬಿಲ್ಲೆಗಳನ್ನು ಹುಡುಕಿದರೆ ರಾಣಿಯ ಮಾಣಿಕ್ಯ ಸಿಗುತ್ತದೆ. ಆ ಮಾಣಿಕ್ಯ ಕೈಗೆ ಬಂದರೆ ಹತ್ತಿರದಲ್ಲಿ ಬೇರೆ ನಿಧಿ ಇದ್ದಾಗೆಲ್ಲ ಮಿನುಗಿ ಸುಳಿವು ಕೊಡುತ್ತದೆ. 1878ರ ನಿಧಿ ಕಾಯ್ದೆ ಎಂಬುದೊಂದು ಈ ದೇಶದಲ್ಲಿದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹತ್ತೇ ರೂಪಾಯಿ, ಹೌದು. ಕ್ಲೋಯಿ ಒಂದು ಅರ್ಜಿ ಕೂಡ ಬರೆಯುವುದಿಲ್ಲ. ನಮ್ಮ ಸೀಮೆಯಲ್ಲೂ ನಿಧಿ ಹುಡುಕುವವರು ಇದ್ದಾರೆ. ಅಮಾವಾಸ್ಯೆ ರಾತ್ರಿ ಪಾಳು ಗುಡಿಗೆ ಹೋಗಿ, ನಿಂಬೆಹಣ್ಣು ಕುಂಕುಮ ಇಟ್ಟು, ಬಸವಣ್ಣನನ್ನು ಬುಡಮೇಲು ಮಾಡಿ ಗುಂಡಿ ತೋಡುತ್ತಾರೆ. ಮೂರಡಿ ಆಳಕ್ಕೆ ಇಳಿದ ಮೇಲೆ ಅವರಿಗೆ ಸಿಗುವುದು ಮಣ್ಣು, ಆಮೇಲೆ ಪೊಲೀಸರು. ಮರುದಿನ ಪತ್ರಿಕೆಯಲ್ಲಿ ಅವರ ಹೆಸರು ‘ಕಿಡಿಗೇಡಿಗಳು’. ಅದೇ ಕೆಲಸವನ್ನು ಬಿಗಿ ಪ್ಯಾಂಟು ಹಾಕಿ ಇಂಗ್ಲಿಷಿನಲ್ಲಿ ಜೋಕು ಹೊಡೆಯುತ್ತ ಮಾಡಿದರೆ ಹೆಸರು ‘ಸಾಹಸಿ’. ನಮ್ಮ ಕಿಡಿಗೇಡಿಗಳಿಗೆ ಕೊರತೆ ಇರುವುದು ಒಳ್ಳೆಯ ಹಿನ್ನೆಲೆ ಸಂಗೀತದ್ದು ಮಾತ್ರ.

ಹೊಯ್ಸಳರ ವಿಚಾರದಲ್ಲಿ ಆಟ ಮಾಡಿದವರಿಗೆ ಒಂದು ಅನುಮಾನ ಇದ್ದಂತಿದೆ: ಇದ್ದದ್ದು ಸಾಲದು ಎಂಬ ಅನುಮಾನ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಕೆಲವೇ ವರ್ಷದಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ಏಳತೊಡಗಿತು. ಆ ಗುಡಿಗಳು ಎತ್ತರಕ್ಕೆ ಹೆಸರಾದವಲ್ಲ. ಮೃದುವಾದ ಬಳಪದ ಕಲ್ಲಿನಲ್ಲಿ ಆನೆ ಸಾಲು, ಕುದುರೆ ಸಾಲು, ಬಳ್ಳಿ ಸಾಲು, ರಾಮಾಯಣ, ಮಹಾಭಾರತ, ಹೆಣ್ಣಿನ ಕೈಬಳೆಯ ಒಳಗೆ ಬೆಳಕು ಹಾಯುವಷ್ಟು ನಾಜೂಕು. ಮೂಗು ತಾಗಿಸಿ ನೋಡುವ ಕಲೆ ಅದು. ಕೆತ್ತಿದವರು ಹೆಸರನ್ನೂ ಬರೆದು ಹೋಗಿದ್ದಾರೆ. ರೂವಾರಿ ಮಲ್ಲಿತಮ್ಮನ ಹೆಸರು ಎಷ್ಟೋ ಶಿಲ್ಪಗಳ ಬುಡದಲ್ಲಿದೆ. ಆಟದಲ್ಲಿ ಇದೆಲ್ಲ ಮಾಯವಾಗಿ, ಕಾಂಬೋಡಿಯಾದಿಂದ ಒಂದಿಷ್ಟು, ಹಾಲಿವುಡ್ಡಿನಿಂದ ಒಂದಿಷ್ಟು ಸೇರಿಸಿದ ದೈತ್ಯ ಕೋಟೆಗಳು ಎದ್ದಿವೆ. ಒಂದು ಶಿವನ ಮೂರ್ತಿಯ ಅಂಗೈ ಮೇಲೆ ಕ್ರಿಕೆಟ್ ಆಡಬಹುದು. ಹಿಂದಿನವರು ಮಾಡಿದ್ದು ದೊಡ್ಡದಾಗಿರಲೇಬೇಕು ಎಂಬ ಈ ಹಟವನ್ನು ಅಮೆರಿಕದವರ ತಪ್ಪು ಎನ್ನಲೂ ಬಾಯಿ ಬರುವುದಿಲ್ಲ. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ 112 ಅಡಿಯ ಆದಿಯೋಗಿಯ ಅನಾವರಣವಾದ ಮೇಲೆ, ಅಲ್ಲಿಗೆ ಹೋಗುವ ವಾಹನಗಳ ಸಾಲಿಗೂ ಅದೇ ಜಿಲ್ಲೆಯ ರಂಗಸ್ಥಳದ ರಂಗನಾಥನ ಗುಡಿಯ ಮುಂದಿನ ಮೌನಕ್ಕೂ ಇರುವ ವ್ಯತ್ಯಾಸ ನಾವೇ ನೋಡುತ್ತಿದ್ದೇವಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಸೋನಿ ಅವುಗಳನ್ನು ಮಾರಿ ಆಗಲೇ ಆರು ವರ್ಷವಾಗಿತ್ತು.

ಆಟದ ಆ ಶಿವನ ಮೈಮೇಲೆ ಹೆಂಗಸರಿಬ್ಬರೂ ಬೂಟುಗಾಲಲ್ಲೇ ಹತ್ತಿ ಇಳಿಯುತ್ತಾರೆ. ಕೈಯಿಟ್ಟ ಕಡೆಯೆಲ್ಲ ಕಲ್ಲು ಕಳಚಿ ಬೀಳುತ್ತದೆ. ಎಂಟುನೂರು ವರ್ಷ ನಿಂತಿದ್ದ ಸೇತುವೆ ಇವರು ಕಾಲಿಟ್ಟ ಕ್ಷಣವೇ ಕುಸಿಯುತ್ತದೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ. ಆಮೇಲೆ ಆಮೇಲೆ, ಯಾವ ಕಲ್ಲು ಬೀಳುತ್ತದೆ ಎಂದು ಆಡುವವನೇ ಮುಂಚಿತವಾಗಿ ಹೇಳಿಬಿಡುತ್ತಾನೆ. ಆಟದ ನಿಜವಾದ ದೌರ್ಬಲ್ಯ ಇದು: ಹತ್ತು, ನೇತಾಡು, ಹಾರು, ಬೀಳುವಂತೆ ಮಾಡು, ಬೀಳಬೇಡ. ಇದು ಸಿನಿಮಾ ಆಗಿದ್ದರೆ ಬೂಟುಗಾಲಿನ ದೃಶ್ಯಕ್ಕೆ ಮೂರು ಬಂದ್, ನಾಲ್ಕು ಪ್ರತಿಕೃತಿ ದಹನ ಗ್ಯಾರಂಟಿ ಇತ್ತು. ಆಟವಾದ್ದರಿಂದ ಬಚಾವಾಯಿತು. ಪ್ರತಿಭಟನೆ ಮಾಡುವವರ ಹತ್ತಿರ ಪ್ಲೇಸ್ಟೇಷನ್ ಇಲ್ಲ, ಪ್ಲೇಸ್ಟೇಷನ್ ಇರುವವರಿಗೆ ಪ್ರತಿಭಟನೆಗೆ ಪುರುಸೊತ್ತಿಲ್ಲ.

ಗುಂಡಿನ ಕಾಳಗದಲ್ಲಿ ಗಾಯವಾದರೆ ಕಲ್ಲಿನ ಮರೆಗೆ ಹೋಗಿ ನಾಲ್ಕು ಉಸಿರು ಬಿಟ್ಟರೆ ಸಾಕು, ರಕ್ತ ಆರಿ ಮೈ ಮೊದಲಿನಂತಾಗುತ್ತದೆ. ಗೌರಿಬಿದನೂರಿನ ಹುಡುಗನೊಬ್ಬ ಈ ಸೌಲಭ್ಯವನ್ನು ಬಹಳ ಮೆಚ್ಚಿ ಮಾತಾಡಿದ. ಅವನ ಊರಿನಿಂದ ಕೆಲವೇ ಮೈಲಿ ದೂರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಬಿದ್ದವರು ಏಳಲಿಲ್ಲ. ಅಲ್ಲಿನ ಸ್ಮಾರಕಕ್ಕೆ ಅವನು ಶಾಲೆಯ ಪ್ರವಾಸದಲ್ಲಿ ಹೋಗಿದ್ದನಂತೆ, ನೆನಪಿರುವುದು ಹೊರಗೆ ತಿಂದ ಐಸ್‌ಕ್ಯಾಂಡಿ.

ಆನೆಯ ಪ್ರಸಂಗವೂ ಇದೆ. ಕಲ್ಲಿನ ರಾಶಿಯಡಿ ಸಿಕ್ಕಿಕೊಂಡ ಆನೆಯನ್ನು ಇಬ್ಬರು ಹೆಂಗಸರು ಒಂದೆರಡು ನಿಮಿಷದಲ್ಲಿ ಬಿಡಿಸುತ್ತಾರೆ, ಅದು ಕೃತಜ್ಞತೆಯಿಂದ ಬೆನ್ನು ಕೊಡುತ್ತದೆ, ನೀರಿನ ನಡುವೆ ಸವಾರಿ ಹೊರಡುತ್ತದೆ. ಇಡೀ ಆಟದಲ್ಲಿ ಕಣ್ಣಿಗೆ ತಂಪಾದ ಭಾಗ ಅದು, ಸುಳ್ಳು ಹೇಳಬಾರದು. ಆದರೆ ಹಾಸನದ ಕಾಫಿ ತೋಟದ ಕೂಲಿಯವರಿಗೆ ತೋರಿಸಿ ನೋಡಿ. ಅದೇ ಜಿಲ್ಲೆಯ ಸಕಲೇಶಪುರದ ಕಡೆಯ ಕಾಡಿನಲ್ಲಿ, 2023ರ ಡಿಸೆಂಬರ್‌ನಲ್ಲಿ, ಎಂಟು ಸಲ ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನ ಕಾಡಾನೆಯೊಂದರ ಜೊತೆ ಕಾದಾಡಿ ಸತ್ತ. ಅಲ್ಲಿ ಆನೆ ಎಂದರೆ ಸಂಜೆ ಐದರ ಮೇಲೆ ಮನೆಯಿಂದ ಹೊರಡಲಾಗದ ಸ್ಥಿತಿ.

ಕೊನೆಯ ಹಂತದಲ್ಲಿ ರೈಲಿನ ಮೇಲೆ ಹೊಡೆದಾಟ. ಈ ಸರಣಿಯ ಎರಡನೇ ಆಟದಲ್ಲೇ ಅದನ್ನು ಚೆನ್ನಾಗಿ ಮಾಡಿದ್ದರು, ಮತ್ತೆ ಬಿಸಿ ಮಾಡಿ ಬಡಿಸಿದ್ದಾರೆ. ಬೋಗಿಯಿಂದ ಬೋಗಿಗೆ ಜಿಗಿಯುವಾಗ ಉಸಿರು ಬಿಗಿಹಿಡಿಯಬೇಕು ನಿಜ. ಆದರೆ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹಿಂದೆ ಓಡುತ್ತಿದ್ದ ನ್ಯಾರೋಗೇಜ್ ರೈಲನ್ನು ಬಲ್ಲ ಹಿರಿಯರಿಗೆ ಈ ದೃಶ್ಯ ಕಿಂಚಿತ್ತೂ ಹಿಡಿಸುವುದಿಲ್ಲ. ಆ ರೈಲಾಗಿದ್ದರೆ ಅಸವ್ ಮತ್ತು ಕ್ಲೋಯಿ ಹೊಡೆದಾಟದ ನಡುವೆ ಇಳಿದು, ಹೊಲದಲ್ಲಿ ನಾಲ್ಕು ಕಡಲೆಕಾಯಿ ಗಿಡ ಕಿತ್ತುಕೊಂಡು, ಮತ್ತೆ ಅದೇ ಬೋಗಿ ಹತ್ತಿ ಮುಂದುವರಿಸಬಹುದಿತ್ತು. ಖಳನ ಸಂಹಾರದ ವಿಚಾರದಲ್ಲೂ ನಮ್ಮವರೇ ಮುಂದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದು ಸ್ಥಳಪುರಾಣ. ಭೀಮ ಏನು ಮಾಡಿದ? ಮೊದಲು ಬಂಡಿ ಅನ್ನ ಪೂರ್ತಿ ಉಂಡ. ರಾಕ್ಷಸ ಬೆನ್ನಿಗೆ ಗುದ್ದುತ್ತಿದ್ದರೂ ಉಣ್ಣುವುದು ನಿಲ್ಲಿಸಲಿಲ್ಲ. ಆಮೇಲೆ ಕೈ ತೊಳೆದು ಎದ್ದ. ಅಂತಿಮ ಕಾಳಗ ಹೇಗೆ ಬರೆಯಬೇಕು ಎಂಬುದನ್ನು ನಾಟಿ ಡಾಗ್‌ನವರು ಕೈವಾರಕ್ಕೆ ಬಂದು ಕಲಿಯಬೇಕು.

ಈವರೆಗೆ ಹೇಳಿದ್ದೆಲ್ಲ ನನ್ನ ತಕರಾರು. ಈ ಆಟಕ್ಕೆ ಬಂದ ಅತ್ಯುತ್ತಮ ವಿಮರ್ಶೆ ನನ್ನ ಅಕ್ಕನದು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ, ರೇಷ್ಮೆಯೇ ಬದುಕು. ಮಗ ಎಂಜಿನಿಯರಿಂಗ್ ಓದುತ್ತಾನೆ. ಬೆಂಗಳೂರಿನ ಗೆಳೆಯನಿಂದ ಹಳೆಯ ಪ್ಲೇಸ್ಟೇಷನ್ ತಂದು ಟೀವಿಗೆ ಸಿಕ್ಕಿಸಿದ್ದ. ‘ಮಾಮ, ನೋಡು ಬಾ, ನಮ್ಮ ಹಳೇಬೀಡು’ ಎಂದು ನನ್ನನ್ನು ಕೂರಿಸಿಕೊಂಡ. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಟ್ಟ ಸಮಯ. ಅಕ್ಕ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹಾಕಿ, ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ತೆರೆಯ ಮೇಲೆ ಜಲಪಾತ ಸುರಿಯುತ್ತಿತ್ತು.

‘ಯಾವೂರೋ ಅದು, ಅಷ್ಟು ನೀರು?’

‘ಹಳೇಬೀಡಮ್ಮ.’

‘ಸುಮ್ನಿರೋ. ಸಂಘದೋರ ಜೊತೆ ಟೂರ್ ಹೋಗಿದ್ದೆ. ಅಲ್ಲಿ ಬಾಟ್ಲಿ ನೀರು ಇಪ್ಪತ್ತು ರೂಪಾಯಿ ಕೊಟ್ಟು ತಗೊಂಡಿದೀನಿ.’

‘ಇದು ಆಟದಲ್ಲಿ ಅಮ್ಮ.’

ಅವಳು ಸ್ವಲ್ಪ ಹೊತ್ತು ನೋಡಿದಳು. ಕ್ಲೋಯಿ ಕಲ್ಲಿನ ಚಕ್ರವೊಂದನ್ನು ತಿರುಗಿಸಿದಳು, ಎಂಟು ಶತಮಾನ ಮುಚ್ಚಿದ್ದ ಬಾಗಿಲು ಗರಗರ ಎಂದು ತೆರೆಯಿತು. ಅಕ್ಕನಿಗೆ ಬಾಗಿಲ ಚಿಂತೆ ಇರಲಿಲ್ಲ. ‘ಆ ನೀರನ್ನ ಈ ಕಡೆ ತಿರುಗ್ಸೋಕೆ ಬರಲ್ವೇನೋ ಅವಳಿಗೆ?’ ಎಂದಳು.

‘ಆ ಆಪ್ಷನ್ ಇಲ್ಲಮ್ಮ.’

‘ಮತ್ತೆ ಏನ್ ಆಟನೋ ಅದು’ ಎಂದು ಹುಳುಮನೆಗೆ ಹೋದಳು.

ಆ ಆಪ್ಷನ್ ಇರುವ ಆಟ ಬೇರೆ ಇದೆ. ಅದನ್ನು ಆಡುತ್ತಿರುವುದು ನಾವೇ. ಹೆಸರು ಎತ್ತಿನಹೊಳೆ. ಸ್ಥಳ ಅದೇ ಪಶ್ಚಿಮ ಘಟ್ಟ. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ ಮಳೆಗಾಲದಲ್ಲಿ 24 ಟಿಎಂಸಿ ನೀರೆತ್ತಿ, ಸುಮಾರು 250 ಕಿಲೋಮೀಟರ್ ಕಾಲುವೆಯಲ್ಲಿ ಹರಿಸಿ, ಏಳು ಜಿಲ್ಲೆಗಳ ಬಾಯಾರಿಕೆ ತಣಿಸಿ, ಮೇಲೆ 527 ಕೆರೆ ತುಂಬಿಸುವುದು ಕಥಾವಸ್ತು. 2012ರಲ್ಲಿ ಅಂದಾಜು 8,323 ಕೋಟಿ. 2014ರಲ್ಲಿ 12,912 ಕೋಟಿ; ಆ ವರ್ಷದ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ. 2023ರಲ್ಲಿ 23,251 ಕೋಟಿ. ಅನ್‌ಚಾರ್ಟೆಡ್‌ನಲ್ಲಿ ಹಂತ ದಾಟಿದಂತೆ ಶತ್ರುಗಳು ಹೆಚ್ಚುತ್ತಾರೆ. ಇಲ್ಲಿ ಹಂತ ದಾಟದೆಯೇ ಕೋಟಿ ಹೆಚ್ಚುತ್ತದೆ. ಚಿತ್ರ, ಸಂಗೀತ, ಸಂಭಾಷಣೆಗಳಲ್ಲಿ ನಮ್ಮದೇ ಮೇಲು: ಪ್ರತಿ ಚುನಾವಣೆಗೆ ಹೊಸ ಟ್ರೇಲರ್ ಬರುತ್ತದೆ. ನಿಧಿ ಎಷ್ಟಿದೆ ಎಂಬುದರಲ್ಲಿ ಮಾತ್ರ ಅನುಮಾನ. ಆ ಕಣಿವೆಯಲ್ಲಿ ಒಟ್ಟು ಸಿಗುವುದೇ ಒಂಬತ್ತೂವರೆ ಟಿಎಂಸಿ ಆಸುಪಾಸು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಬಹಳ ಹಿಂದೆಯೇ ಹೇಳಿತ್ತು. ಒಂಬತ್ತೂವರೆಯಿಂದ ಇಪ್ಪತ್ನಾಲ್ಕು ತೆಗೆಯುವ ಆ ಮಾಣಿಕ್ಯ ನಮ್ಮ ಎಂಜಿನಿಯರುಗಳ ಹತ್ತಿರ ಮಾತ್ರ ಇದೆ.

2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಗುಂಡಿ ಒತ್ತಿದರು, ನೀರು ಚಿಮ್ಮಿತು, ಬಾಗಿನ ಅರ್ಪಿಸಿದರು. ಗೌರಿಯ ಹೆಸರಿನ ಗೌರಿಬಿದನೂರಿನಲ್ಲಿ ಜನ ಟೀವಿಯಲ್ಲಿ ಅದನ್ನು ಕಣ್ತುಂಬಿಕೊಂಡರು. ಮುಂದಿನ ಕಾಲುವೆ ಪೂರ್ತಿಯಾಗದ ಕಾರಣ ಆ ನೀರು ವೇದಾವತಿಯ ದಾರಿಯಲ್ಲಿ ಚಿತ್ರದುರ್ಗದ ವಾಣಿವಿಲಾಸ ಸಾಗರದ ಕಡೆ ತಿರುಗಿತು. ಚಿತ್ರದುರ್ಗದವರಿಗೆ ಸಿಕ್ಕರೆ ಹೊಟ್ಟೆಕಿಚ್ಚಿಲ್ಲ, ಅವರೂ ನಮ್ಮಂತೆ ಒಣಗಿದವರೇ. ಆದರೆ ಶಂಕುಸ್ಥಾಪನೆಯ ಕಲ್ಲು ನಿಂತಿರುವುದು ಇಲ್ಲಿ. ಆ ನೀರು ಬರುವವರೆಗೆ ನಮಗೆ ಕೊಟ್ಟಿರುವುದು ಪರ್ಯಾಯ ಹಂತ: ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನು ಎರಡು ಸಲ ಶುದ್ಧಿ ಮಾಡಿ ಹೆಬ್ಬಾಳ–ನಾಗವಾರ ಕಣಿವೆಯಿಂದ ಪೈಪಿನಲ್ಲಿ ನಮ್ಮ ಕೆರೆಗಳಿಗೆ ತುಂಬುವುದು. ಮೂರನೇ ಸಲ ಶುದ್ಧಿ ಮಾಡಿ ಎಂದು ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್ ಹುಟ್ಟುವ ಬೆಟ್ಟಸಾಲಿನ ಬುಡದಲ್ಲಿ ಕೂತು ನಾವು ಬೆಂಗಳೂರಿನ ಬಚ್ಚಲಿಗೆ ಋಣಿಗಳಾಗಿದ್ದೇವೆ. ಇಂಥ ತಿರುವನ್ನು ಯಾವ ಆಟದ ಕಥೆಗಾರನೂ ಬರೆದಿಲ್ಲ, ಬರೆದರೆ ಕಂಪನಿಯವರು ಒಪ್ಪುವುದಿಲ್ಲ.

2025ರ ಜುಲೈ 2ರಂದು ಇಡೀ ಸಚಿವ ಸಂಪುಟವೇ ನಂದಿ ಬೆಟ್ಟ ಹತ್ತಿ ಸಭೆ ನಡೆಸಿತು. ಶಿಖರ ತಲುಪಿದ ತಂಡಕ್ಕೆ ಅನ್‌ಚಾರ್ಟೆಡ್‌ನಲ್ಲಾದರೆ ಟ್ರೋಫಿ ಸಿಗುತ್ತದೆ. ಇಲ್ಲಿ ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಿಡುವ ತೀರ್ಮಾನ ಸಿಕ್ಕಿತು. ಭಾಗ್ಯ ಬಂತು, ನೀರು ಆಮೇಲೆ ಬರುತ್ತದೆ. ಸಚಿವರು ಹೋದದ್ದು ರಸ್ತೆಯಲ್ಲೇ. ನಂದಿ ಬೆಟ್ಟದ ರೋಪ್‌ವೇಗೆ 2023ರ ಮಾರ್ಚ್‌ನಲ್ಲೇ ಶಂಕುಸ್ಥಾಪನೆ ಆಗಿತ್ತಾದರೂ, ಹಗ್ಗ ಎಸೆದು ಕಣಿವೆ ದಾಟುವ ಕಲೆ ಸದ್ಯಕ್ಕೆ ಕ್ಲೋಯಿಗೆ ಮಾತ್ರ ಗೊತ್ತು.

ಹಾಗಾಗಿ ತೀರ್ಪು. ‘ದಿ ಲಾಸ್ಟ್ ಲೆಗಸಿ’ ಕಣ್ಣಿಗೆ ಹಬ್ಬ, ಬುದ್ಧಿಗೆ ಅರೆ ಊಟ. ಹೊಯ್ಸಳರ ಬಗ್ಗೆ ತಿಳಿಯಬೇಕೆಂದರೆ ಬೇಲೂರಿನ ಬಸ್ಸು ಹತ್ತುವುದು ಮೇಲು. ಕನ್ನಡನಾಡಿನ ಕಥೆ ಹೇಳುವ ಆಟದಲ್ಲಿ ಕನ್ನಡದ ಅಡಿಬರಹವೂ ಇಲ್ಲ, ಅದಕ್ಕೊಂದು ಅಂಕ ಕಡಿಮೆ. ಹೆಂಗಸರಿಬ್ಬರ ಜಗಳ, ಆನೆ, ಜೀಪಿನ ದಾರಿ, ಇವಕ್ಕಾಗಿ ಒಂದು ಸಲ ಆಡಬಹುದು. ಎರಡನೇ ಸಲ ಆಡುವಂಥದ್ದಲ್ಲ. ಎತ್ತಿನಹೊಳೆಯ ಬಗ್ಗೆ ತೀರ್ಪು ಕೊಡಲು ಇನ್ನೂ ಬರುವುದಿಲ್ಲ, ಆಟ ಲೋಡ್ ಆಗುತ್ತಿದೆ.

ಕೊಳ್ಳುವವರಿಗೆ ಒಂದು ಮಾತು. ಹೊಸ ಯಂತ್ರಕ್ಕೆ ಐವತ್ತು ಸಾವಿರದ ಹತ್ತಿರ ಸುರಿಯಬೇಡಿ, ಒಂದು ಬೆಳೆ ಗೂಡಿನ ದುಡ್ಡು ಅದು. ಹಳೆಯದು ಸಿಕ್ಕರೆ ಸಾಕು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯವರಾದರೆ ಜಲಪಾತದ ಹಂತ ಬಂದಾಗ ಸೌಂಡ್ ಕಡಿಮೆ ಮಾಡಿ, ಬೀದಿ ಬಾಗಿಲು ಹಾಕಿಕೊಳ್ಳಿ. ಟ್ಯಾಂಕರ್ ಬಂತೆಂದು ಅಕ್ಕಪಕ್ಕದವರು ಬಿಂದಿಗೆ ತಂದುಬಿಟ್ಟಾರು.